ಡಿಸ್ಲೆಕ್ಸಿಯಾ ಇದೆ, ಆಡಿಯೋಗ್ರಾಂ ನಾರ್ಮಲ್ ಬಂದಿದೆ, ಆದರೂ ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ. ತೊಂದರೆ ಒಳಕಿವಿಯಲ್ಲಾ, ಮೆದುಳಿನಲ್ಲಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ವಯಸ್ಸು ಮೂವತ್ತರ ಹತ್ತಿರ, ಶಾಲೆಯಲ್ಲಿದ್ದಾಗಲೇ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹವನ್ನು ಕಷ್ಟವಾಗಿಸುವ ಕಲಿಕಾ ನ್ಯೂನತೆ, ಎಂದು ಗೊತ್ತಾಗಿದೆ. ಎದುರು ಕೂತು ಒಬ್ಬರೇ ಮಾತಾಡಿದರೆ ತೊಂದರೆ ಇಲ್ಲ. ನಾಲ್ಕಾರು ಜನ ಸೇರಿದ ಮೀಟಿಂಗ್‌ನಲ್ಲಿ, ಹೋಟೆಲಿನಲ್ಲಿ, ಫೋನಿನಲ್ಲಿ ಅರ್ಧ ಮಾತು ತಪ್ಪಿಹೋಗುತ್ತದೆ. ಆಡಿಯೋಗ್ರಾಂ ಮಾಡಿಸಿದರೆ ಎರಡೂ ಕಿವಿ ಚೆನ್ನಾಗಿವೆ ಎಂದು ಹೇಳಿ ಕಳಿಸಿದ್ದಾರೆ. ಹಾಗಾದರೆ ದೋಷ ಎಲ್ಲಿದೆ, ಮುಂದೆ ಯಾವ ಪರೀಕ್ಷೆ ಮಾಡಿಸಬೇಕು ಎಂದು ಕೇಳಿದ್ದೀರಿ. ನಾನು ಆಡಿಯಾಲಜಿ ಕ್ಷೇತ್ರದವನು. ವಿಷಯ ತುಸು ತಾಂತ್ರಿಕ, ಆದರೆ ಗೊತ್ತಿದ್ದರೆ ದುಡ್ಡೂ ಸಮಯವೂ ಉಳಿಯುತ್ತದೆ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಡಿಸ್ಲೆಕ್ಸಿಯಾ ಇರುವ ಬಹುಪಾಲು ವಯಸ್ಕರ ಒಳಕಿವಿ ಚೆನ್ನಾಗಿಯೇ ಇರುತ್ತದೆ. ತೊಡಕು ಇರುವುದು ಅದರಾಚೆ, ಸದ್ದನ್ನು ಬಿಡಿಸಿ ಮಾತಾಗಿ ಗುರುತಿಸುವ ದಾರಿಯಲ್ಲಿ. ಆದರೆ ಇದನ್ನು ಊಹೆಯ ಮೇಲೆ ಒಪ್ಪಿಕೊಳ್ಳಬೇಡಿ. ಆಡಿಯೋಗ್ರಾಂ ಒಳಕಿವಿಯ ಪೂರ್ತಿ ಪರೀಕ್ಷೆ ಅಲ್ಲ. ನಿಶ್ಶಬ್ದ ಕೋಣೆಯಲ್ಲಿ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಶುದ್ಧ ಸ್ವರ ಎಷ್ಟು ಮೆಲ್ಲಗಿದ್ದರೂ ನಿಮಗೆ ಕೇಳಿಸುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. 25 ಡೆಸಿಬಲ್‌ನೊಳಗೆ ಕೇಳಿಸಿದರೆ ಸಾಮಾನ್ಯವಾಗಿ ನಾರ್ಮಲ್ ಎಂದು ಬರೆಯುತ್ತಾರೆ. ಗದ್ದಲದಲ್ಲಿ ಮಾತು ಹಿಡಿಯುವ ಕೆಲಸವೇ ಬೇರೆ.

ಯಾಕೆ ಬೇರೆ ಎಂದರೆ, ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ, ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದದ ನಾಳ. ಅದರೊಳಗೆ ಎರಡು ಬಗೆಯ ರೋಮಕೋಶಗಳಿವೆ. ಹೊರಸಾಲಿನವು ಸುಮಾರು 12,000. ಮೆಲ್ಲಗಿನ ಸದ್ದನ್ನು ಹಿಗ್ಗಿಸುವುದೂ ಪಕ್ಕಪಕ್ಕದ ಕಂಪನಾಂಕಗಳನ್ನು ಬೇರ್ಪಡಿಸುವುದೂ ಇವುಗಳ ಕೆಲಸ. ಒಳಸಾಲಿನವು ಸುಮಾರು 3,500. ಸದ್ದನ್ನು ಶ್ರವಣ ನರಕ್ಕೆ ದಾಟಿಸುವುದು ಮುಖ್ಯವಾಗಿ ಇವೇ. ನರದಲ್ಲಿ ಮೂವತ್ತು ಸಾವಿರದಷ್ಟು ಎಳೆಗಳಿವೆ. ನಿಶ್ಶಬ್ದದಲ್ಲಿ ಒಂದು ‘ಪೀ’ ಸದ್ದು ಗುರುತಿಸಲು ಅವುಗಳಲ್ಲಿ ಕೆಲವೇ ಎಳೆಗಳು ಸಾಕು. ಗದ್ದಲದ ನಡುವೆ ಮಾತು ಆಯ್ದುಕೊಳ್ಳಬೇಕಾದರೆ ಬಹಳಷ್ಟು ಎಳೆಗಳು ಒಂದೇ ಲಯದಲ್ಲಿ ಮಿಡಿಯಬೇಕು. ಆಡಿಯೋಗ್ರಾಂ ನಾರ್ಮಲ್ ಇದ್ದೂ ಮಾತು ಕಲಸಿಹೋಗುವುದು ಹೀಗೆ.

ಆದ್ದರಿಂದ ಪರೀಕ್ಷೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕಿವಿಯಲ್ಲಿ ಗುಗ್ಗೆ ಇದ್ದರೆ ಮೊದಲು ತೆಗೆಸಿ. ನಂತರ ನಡುಕಿವಿಯ ಒತ್ತಡ ನೋಡುವ ಟಿಂಪನೋಮೆಟ್ರಿ, ಒಂದೆರಡು ನಿಮಿಷದ ಕೆಲಸ. ನೆಗಡಿ ಇದ್ದಾಗ ಹೋಗಬೇಡಿ. ನಡುಕಿವಿಯಲ್ಲಿ ನೀರು ತುಂಬಿದ್ದರೆ ಮುಂದಿನ ಎಲ್ಲ ಪರೀಕ್ಷೆಗಳ ಫಲಿತಾಂಶ ಕೆಡುತ್ತದೆ.

ಆಮೇಲೆ ಒಎಇ, ಅಂದರೆ ಓಟೋಅಕೌಸ್ಟಿಕ್ ಎಮಿಷನ್. ಹೊರಸಾಲಿನ ರೋಮಕೋಶಗಳು ಕೆಲಸ ಮಾಡುವಾಗ ತಾವೇ ಸಣ್ಣ ಸದ್ದು ಹೊರಡಿಸುತ್ತವೆ. ಅದು ವಾಪಸು ಕಿವಿ ತಮಟೆ ದಾಟಿ ಹೊರಗೆ ಬರುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ಕಿವಿಗೆ ಒಂದು ಮೆತ್ತನೆ ತುದಿಯ ಪ್ರೋಬ್ ಇಟ್ಟು, ಸಾಮಾನ್ಯವಾಗಿ 1.22 ಅನುಪಾತದ ಎರಡು ಸ್ವರಗಳನ್ನು 65 ಮತ್ತು 55 ಡೆಸಿಬಲ್‌ನಲ್ಲಿ ಕೊಡುತ್ತಾರೆ. ಕಾಕ್ಲಿಯಾ ಸರಿಯಿದ್ದರೆ ಕೊಡದೇ ಇದ್ದ ಮೂರನೆಯ ಸ್ವರವೊಂದು ಹಿಂದಕ್ಕೆ ಬರುತ್ತದೆ. ಹಿನ್ನೆಲೆ ಸದ್ದಿಗಿಂತ ಅದು 6 ಡೆಸಿಬಲ್ ಮೇಲಿದ್ದರೆ ‘ಇದೆ’ ಎಂದು ಲೆಕ್ಕ. ನೀವು ಉತ್ತರ ಕೊಡಬೇಕಾದ್ದೇನೂ ಇಲ್ಲ, ಅಲುಗಾಡದೆ ಕೂತರೆ ಸಾಕು, ಕಿವಿಗೆ ಒಂದೆರಡು ನಿಮಿಷ. ಓದಿ ಹೇಳುವ, ನೆನಪಿಟ್ಟು ಹೇಳುವ ತಾಪತ್ರಯ ಇದರಲ್ಲಿಲ್ಲ, ಹಾಗಾಗಿ ಕಲಿಕಾ ನ್ಯೂನತೆ ಇರುವವರಿಗೆ ಇದು ಬಹಳ ನ್ಯಾಯವಾದ ಪರೀಕ್ಷೆ. ತಪ್ಪಾಗುವುದು ಎರಡು ಕಡೆ. ಪ್ರೋಬ್ ಸಡಿಲವಾಗಿ ಕೂತರೆ, ಇಲ್ಲವೇ ಕೋಣೆಯಲ್ಲಿ ಏಸಿ ಗುಂಯ್‌ಗುಡುತ್ತಿದ್ದರೆ 1000 ಹರ್ಟ್ಸ್‌ನ ಸುತ್ತಮುತ್ತ ‘ಇಲ್ಲ’ ಎಂದು ಬರುತ್ತದೆ. ಕೆಳಗಿನ ಕಂಪನಾಂಕದಲ್ಲಿ ಮಾತ್ರ ಇಲ್ಲ ಎಂದು ಬಂದರೆ ಗಾಬರಿಯಾಗದೆ ಇನ್ನೊಮ್ಮೆ ಮಾಡಿಸಿ.

ಒಎಇ ಚೆನ್ನಾಗಿ ಬಂತು ಎಂದರೆ ಅಲ್ಲಿಗೇ ನಿಲ್ಲಿಸುವವರು ಬಹಳ. ನನಗೆ ಇದು ದೊಡ್ಡ ಲೋಪ ಎನಿಸುತ್ತದೆ. ಜೋರು ಸದ್ದಿಗೆ ನಡುಕಿವಿಯ ಸ್ನಾಯು ತಾನಾಗಿ ಬಿಗಿಯಾಗುತ್ತದೆಯೇ ಎಂದು ನೋಡುವ ಅಕೌಸ್ಟಿಕ್ ರಿಫ್ಲೆಕ್ಸ್ ಮತ್ತು ಎಬಿಆರ್ (ಆಡಿಟರಿ ಬ್ರೈನ್‌ಸ್ಟೆಮ್ ರೆಸ್ಪಾನ್ಸ್) ಎರಡನ್ನೂ ಕೇಳಿ ಮಾಡಿಸಿಕೊಳ್ಳಿ. ಎಬಿಆರ್‌ನಲ್ಲಿ ಹಣೆಗೂ ಕಿವಿಯ ಹಿಂದೆಯೂ ಎಲೆಕ್ಟ್ರೋಡ್ ಅಂಟಿಸಿ, ‘ಟಕ್ ಟಕ್’ ಸದ್ದು ಕೇಳಿಸಿ, ನರದಿಂದ ಮೆದುಳುಕಾಂಡದವರೆಗೆ (ಮೆದುಳಿನ ಬುಡದವರೆಗೆ) ಸಂಕೇತ ಹೇಗೆ ಸಾಗುತ್ತದೆ ಎಂದು ದಾಖಲಿಸುತ್ತಾರೆ. ಜೋರು ಸದ್ದಿಗೆ ಐದನೆಯ ಅಲೆ 5.5ರಿಂದ 6 ಮಿಲಿಸೆಕೆಂಡ್‌ನ ಆಸುಪಾಸಿನಲ್ಲಿ ಕಾಣಬೇಕು. ಒಎಇ ಇದ್ದು, ಎಬಿಆರ್ ಅಲೆಗಳೇ ಇಲ್ಲದಿದ್ದರೆ ಅಥವಾ ತೀರಾ ಚದುರಿದ್ದರೆ, ರಿಫ್ಲೆಕ್ಸ್ ಕೂಡ ಬಾರದಿದ್ದರೆ, ಅದು ಆಡಿಟರಿ ನ್ಯೂರೋಪತಿಯ ಲಕ್ಷಣ. ಆಗ ರೋಮಕೋಶ ಕೆಲಸ ಮಾಡುತ್ತಿರುತ್ತದೆ, ನರಕ್ಕೆ ಸಂಕೇತ ಲಯಬದ್ಧವಾಗಿ ಹೋಗುವುದಿಲ್ಲ. ಇಂಥವರೂ ಹೇಳುವುದು ಅದನ್ನೇ: ‘ಕೇಳಿಸುತ್ತದೆ, ಅರ್ಥವಾಗುವುದಿಲ್ಲ.’ ಹದಿಹರೆಯದಲ್ಲೋ ಯೌವನದಲ್ಲೋ ಶುರುವಾಗುವ ಪ್ರಕರಣಗಳೂ ಇವೆ. ಮೊದಲೇ ಡಿಸ್ಲೆಕ್ಸಿಯಾ ಎಂಬ ಹಣೆಪಟ್ಟಿ ಇದ್ದರೆ ಎಲ್ಲವನ್ನೂ ಅದರ ತಲೆಗೇ ಕಟ್ಟಿ ಇದನ್ನು ನೋಡದೆ ಬಿಡುವ ಅಪಾಯ ಹೆಚ್ಚು. ಇದು ಅಪರೂಪದ ಕಾಯಿಲೆಯೇ, ಆದರೆ ಚಿಕಿತ್ಸೆಯ ದಾರಿ ಪೂರ್ತಿ ಬೇರೆಯಾದ್ದರಿಂದ ಇಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು.

ಒಳಕಿವಿ ಮತ್ತು ಮೆದುಳಿನ ನಡುವೆ ಇನ್ನೊಂದು ಕೊಂಡಿ ಇದೆ, ನೀವು ಓದಿರಲೂಬಹುದು. ಮೆದುಳುಕಾಂಡದಿಂದ ಕಾಕ್ಲಿಯಾಕ್ಕೆ ಕೆಳಮುಖವಾಗಿ ಇಳಿಯುವ ನರಗಳು ಗದ್ದಲ ಹೆಚ್ಚಾದಾಗ ಹೊರಸಾಲಿನ ರೋಮಕೋಶಗಳ ಹಿಗ್ಗಿಸುವಿಕೆಯನ್ನು ತಗ್ಗಿಸುತ್ತವೆ. ಒಂದು ಕಿವಿಯ ಒಎಇ ಅಳೆಯುತ್ತಾ ಇನ್ನೊಂದು ಕಿವಿಗೆ 60 ಡೆಸಿಬಲ್ ಆಸುಪಾಸಿನ ಗದ್ದಲ ಕೊಟ್ಟರೆ ಒಎಇ ಒಂದೆರಡು ಡೆಸಿಬಲ್ ಇಳಿಯುತ್ತದೆ. ಡಿಸ್ಲೆಕ್ಸಿಯಾ ಅಥವಾ ಕೇಳ್ಮೆಯ ಸಂಸ್ಕರಣೆಯ ತೊಡಕು ಇರುವ ಮಕ್ಕಳಲ್ಲಿ ಈ ಇಳಿತ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ, ವ್ಯತ್ಯಾಸವೇ ಇಲ್ಲ ಎಂದ ಅಧ್ಯಯನಗಳೂ ಇವೆ. ಸಂಶೋಧನೆಗೆ ಒಳ್ಳೆಯ ವಿಷಯ. ಆದರೆ ಒಬ್ಬ ವ್ಯಕ್ತಿಗೆ ಇದರ ಮೇಲೆ ರೋಗನಿರ್ಣಯ ಮಾಡುವಷ್ಟು ಗಟ್ಟಿ ಅಲ್ಲ. ಒಂದು ಡೆಸಿಬಲ್‌ನ ವ್ಯತ್ಯಾಸ ಪ್ರೋಬ್ ತುಸು ಜರುಗಿದರೂ ಬರುತ್ತದೆ. ಇದಕ್ಕೆಂದು ಪ್ರತ್ಯೇಕ ದುಡ್ಡು ಕೊಡಬೇಡಿ.

ಕಿವಿಯ ಭಾಗ ಸರಿಯಿದೆ ಎಂದಾದ ಮೇಲೆ ಆಡಿಟರಿ ಪ್ರೊಸೆಸಿಂಗ್, ಅಂದರೆ ಕೇಳಿದ ಸದ್ದನ್ನು ಮೆದುಳು ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ನೋಡುವ ಪರೀಕ್ಷೆಗಳು. ಇಲ್ಲಿ ಏನನ್ನು ಅಳೆಯುತ್ತಾರೆ ಎಂಬುದಕ್ಕೆ ಕನ್ನಡದ್ದೇ ಒಂದು ಉದಾಹರಣೆ ನೋಡಿ. ‘ಕತೆ’, ‘ಕತ್ತೆ’ ಎಂದು ನಿಧಾನವಾಗಿ ಹೇಳಿಕೊಳ್ಳಿ. ‘ತ್ತ’ ಬರುವ ಮುನ್ನ ನಾಲಿಗೆ ಹಲ್ಲಿಗೆ ಒತ್ತಿ ನಿಂತು ಒಂದು ಕ್ಷಣ ಸದ್ದು ಕಟ್ಟಾಗುತ್ತದೆ. ಎರಡು ಪದಗಳ ಮುಖ್ಯ ವ್ಯತ್ಯಾಸ ಆ ಮೌನದ ಉದ್ದ, ಮಿಲಿಸೆಕೆಂಡ್‌ಗಳ ಲೆಕ್ಕ. ‘ಕಾಲು–ಕಾಳು’, ‘ಬಲೆ–ಬಳೆ’ಗಳಲ್ಲಿ ವ್ಯತ್ಯಾಸ ಇರುವುದು ಸ್ವರ ವ್ಯಂಜನದೊಳಗೆ ಜಾರುವಾಗ ಕಂಪನಾಂಕಗಳು ಬಾಗುವ ರೀತಿಯಲ್ಲಿ. ಶಾಂತ ಕೋಣೆಯಲ್ಲಿ ನಿಮಗೆ ಇವೆಲ್ಲ ಸಲೀಸು. ಗಾಜಿನ ಗೋಡೆಯ, ಕಾರ್ಪೆಟ್ ಇಲ್ಲದ ಮೀಟಿಂಗ್ ಕೋಣೆಯಲ್ಲಿ ಹಿಂದಿನ ಅಕ್ಷರದ ಪ್ರತಿಧ್ವನಿ ಬಂದು ಆ ಸಣ್ಣ ಮೌನವನ್ನು ತುಂಬಿಬಿಡುತ್ತದೆ. ಎಲ್ಲರಿಗೂ ಅಲ್ಲಿ ಸ್ವಲ್ಪ ಕಷ್ಟವೇ, ಆದರೆ ಅವರು ಸಂದರ್ಭದಿಂದ ಊಹಿಸಿ ತುಂಬಿಸಿಕೊಳ್ಳುತ್ತಾರೆ. ಮಾತಿನ ಧ್ವನಿಗಳನ್ನು ಬಿಡಿಸಿ ಹಿಡಿಯುವುದೇ ಶ್ರಮದ ಕೆಲಸವಾದವರಿಗೆ ಊಹಿಸಲು ಬೇಕಾದ ಶಕ್ತಿ ಉಳಿದಿರುವುದಿಲ್ಲ. ಸಂಜೆ ಹೊತ್ತಿಗೆ ತಲೆ ಭಾರವಾಗುವುದೂ ಇದಕ್ಕೇ.

ಪರೀಕ್ಷೆಗಳಲ್ಲಿ ಮುಖ್ಯವಾದವು ಐದಾರು. ಗ್ಯಾಪ್ ಡಿಟೆಕ್ಷನ್‌ನಲ್ಲಿ ‘ಶ್‌ಶ್’ ಸದ್ದಿನ ನಡುವೆ ಚಿಕ್ಕ ಬಿಡುವು ಇಟ್ಟು ಗುರುತಿಸಲು ಹೇಳುತ್ತಾರೆ. ವಯಸ್ಕರು ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಹತ್ತಿರದ ಬಿಡುವನ್ನೂ ಹಿಡಿಯುತ್ತಾರೆ. ಡೈಕಾಟಿಕ್ ಪರೀಕ್ಷೆಯಲ್ಲಿ ಎರಡೂ ಕಿವಿಗೆ ಒಂದೇ ಕ್ಷಣ ಬೇರೆಬೇರೆ ಅಂಕಿ ಅಥವಾ ಅಕ್ಷರ ಕೇಳಿಸಿ ಎರಡನ್ನೂ ಹೇಳಿಸುತ್ತಾರೆ. ಬಲಗಿವಿಗೆ ಬಂದದ್ದು ಮಾತಿನ ಕೇಂದ್ರವಿರುವ ಎಡಮೆದುಳಿಗೆ ನೇರ ಹೋಗುತ್ತದೆ. ಎಡಗಿವಿಯದ್ದು ಬಲಮೆದುಳಿಗೆ ಹೋಗಿ, ಅಲ್ಲಿಂದ ಕಾರ್ಪಸ್ ಕ್ಯಾಲೋಸಮ್ ಎಂಬ ಸೇತುವೆ ದಾಟಿ ಬರಬೇಕು. ಆದ್ದರಿಂದ ಬಲಗಿವಿಗೆ ತುಸು ಹೆಚ್ಚು ಅಂಕ ಬರುವುದು ಸಹಜ. ಎಡಗಿವಿ ಮಾತ್ರ ಬಹಳ ಹಿಂದೆ ಬಿದ್ದರೆ ಅದಕ್ಕೆ ಅರ್ಥವಿದೆ. ಮಾಸ್ಕಿಂಗ್ ಲೆವೆಲ್ ಡಿಫರೆನ್ಸ್ ಎಂಬುದು ಎರಡು ಕಿವಿಗಳ ಮಾಹಿತಿಯನ್ನು ಮೆದುಳುಕಾಂಡ ಹೇಗೆ ಜೋಡಿಸುತ್ತದೆ ಎಂದು ನೋಡುತ್ತದೆ. ನೆನಪಿನ ಹೊರೆ ಬಹಳ ಕಡಿಮೆ ಇರುವುದರಿಂದ ನಿಮ್ಮಂಥವರಿಗೆ ಇದನ್ನು ಬಿಡಲೇಬಾರದು.

ಪ್ಯಾಟರ್ನ್ ಪರೀಕ್ಷೆಯ ಬಗ್ಗೆ ಬೇರೆಯಾಗಿ ಹೇಳಬೇಕು. 880 ಮತ್ತು 1122 ಹರ್ಟ್ಸ್‌ನ ಸ್ವರಗಳನ್ನು ಮೂರು ಮೂರಾಗಿ ಕೇಳಿಸುತ್ತಾರೆ, ‘ಮೇಲೆ–ಕೆಳಗೆ–ಮೇಲೆ’ ಎಂಬಂತೆ ಹೇಳಬೇಕು. ಡಿಸ್ಲೆಕ್ಸಿಯಾ ಇರುವ ಅನೇಕರಿಗೆ ಇದು ಬರುವುದಿಲ್ಲ. ಆಗ ಪರೀಕ್ಷಕರು ಅದೇ ಸ್ವರಗಳನ್ನು ಹೇಳಿಸದೆ ಗುನುಗಿಸಿ ನೋಡಬೇಕು. ಗುನುಗಿದರೆ ಸರಿ ಬಂದು, ಹೇಳಿದರೆ ತಪ್ಪಾದರೆ, ಸ್ವರ ಗ್ರಹಿಕೆ ನೆಟ್ಟಗಿದೆ, ಅದಕ್ಕೆ ಹೆಸರು ಕೊಡುವಲ್ಲಿ ತೊಡಕಿದೆ ಎಂದರ್ಥ. ಗುನುಗುವುದೂ ತಪ್ಪಾದರೆ ಕಥೆಯೇ ಬೇರೆ. ಎರಡು ನಿಮಿಷದ ಈ ಹೆಚ್ಚುವರಿ ಕೆಲಸವನ್ನು ಬಿಟ್ಟು ಬರೀ ಶೇಕಡಾ ಅಂಕ ಬರೆದುಕೊಟ್ಟ ರಿಪೋರ್ಟಿನಿಂದ ನಿಮಗೆ ಏನೂ ಪ್ರಯೋಜನವಿಲ್ಲ.

ಗದ್ದಲದಲ್ಲಿ ಮಾತು ಗುರುತಿಸುವ ಪರೀಕ್ಷೆ ನಿಮ್ಮ ದೂರಿಗೆ ಎಲ್ಲಕ್ಕಿಂತ ಹತ್ತಿರದ್ದು. ಇದನ್ನು ನಿಮ್ಮ ಮನೆಮಾತಿನಲ್ಲೇ ಮಾಡಿಸಿ. ಕನ್ನಡದಲ್ಲಿ ಬೆಳೆದವರಿಗೆ ಅಮೆರಿಕನ್ ಉಚ್ಚಾರದ ಇಂಗ್ಲಿಷ್ ವಾಕ್ಯಗಳನ್ನು ಗದ್ದಲದಲ್ಲಿ ಕೇಳಿಸಿ ‘ಕಡಿಮೆ ಅಂಕ’ ಎಂದರೆ ಅದು ಭಾಷೆಯ ಪರೀಕ್ಷೆಯೇ ಹೊರತು ಕೇಳ್ಮೆಯದ್ದಲ್ಲ. ಎರಡನೆಯ ಭಾಷೆಯ ಮಾತು ಗದ್ದಲದಲ್ಲಿ ಎಲ್ಲರಿಗೂ ಬೇಗ ಕುಸಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ಕನ್ನಡದ ಪದಪಟ್ಟಿ, ವಾಕ್ಯಪಟ್ಟಿಗಳೂ ಡೈಕಾಟಿಕ್ ಸಿವಿ (ವ್ಯಂಜನ–ಸ್ವರ ಜೋಡಿಯ ಅಕ್ಷರಗಳ) ಪರೀಕ್ಷೆಯೂ ಅಲ್ಲೇ ತಯಾರಾಗಿವೆ. ಕೇಂದ್ರ ಸರ್ಕಾರದ ಸಂಸ್ಥೆ, ಶುಲ್ಕ ಹೊರೆಯಾಗುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ವಾಕ್ ಮತ್ತು ಶ್ರವಣ ವಿಭಾಗ ಇದೆ. ಖಾಸಗಿ ಕಡೆ ಹೋಗುವುದಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ವಯಸ್ಕರಿಗೆ ಪ್ರೊಸೆಸಿಂಗ್ ಪರೀಕ್ಷೆ ಕನ್ನಡದಲ್ಲಿ ಮಾಡುತ್ತೀರಾ, ವಯಸ್ಕರ ನಾರ್ಮ್ಸ್ (ಹೋಲಿಕೆಗೆ ಬೇಕಾದ ಸಾಮಾನ್ಯ ಅಂಕಗಳು) ಇದೆಯಾ’ ಎಂದು ಕೇಳಿ. ಮಕ್ಕಳ ನಾರ್ಮ್ಸ್‌ಗೆ ನಿಮ್ಮನ್ನು ಹೋಲಿಸಿದರೆ ತೊಡಕೆಲ್ಲ ಮುಚ್ಚಿಹೋಗುತ್ತದೆ.

ಫಲಿತಾಂಶ ಓದುವ ಬಗೆ ಹೀಗೆ. ಅಮೆರಿಕದ ವಾಕ್ ಶ್ರವಣ ಸಂಘದ 2005ರ ವರದಿಯ ಪ್ರಕಾರ ಕನಿಷ್ಠ ಎರಡು ಪರೀಕ್ಷೆಗಳಲ್ಲಿ ಸರಾಸರಿಗಿಂತ ಎರಡು ಸ್ಟಾಂಡರ್ಡ್ ಡೀವಿಯೇಷನ್ (ಜನರ ಅಂಕಗಳ ಸಹಜ ಏರಿಳಿತದ ಅಳತೆ) ಕೆಳಗೆ ಇರಬೇಕು. ಒಂದೇ ಪರೀಕ್ಷೆಯಲ್ಲಿ ಎಡವಿದರೆ ಸಾಮಾನ್ಯವಾಗಿ ಹಣೆಪಟ್ಟಿ ಹಚ್ಚಬಾರದು. ಇದಕ್ಕಿಂತ ಮುಖ್ಯ, ಅಂಕಗಳ ಆಕಾರ. ಎಡಗಿವಿಯ ಡೈಕಾಟಿಕ್ ಮಾತ್ರ ಕೆಳಗಿದ್ದು ಉಳಿದವು ಸರಿಯಿದ್ದರೆ ಕೇಳ್ಮೆಯ ದಾರಿಯ ತೊಡಕು ಎನ್ನಬಹುದು. ಎಲ್ಲ ಪರೀಕ್ಷೆಯಲ್ಲೂ ಎರಡೂ ಕಿವಿ ಒಂದೇ ಸಮ ಕೆಳಗಿದ್ದು, ಮೊದಲ ಹತ್ತು ಪ್ರಶ್ನೆ ಸರಿ, ಕೊನೆಯ ಹತ್ತು ತಪ್ಪು ಎಂದಾದರೆ ಗಮನ ಮತ್ತು ವರ್ಕಿಂಗ್ ಮೆಮೊರಿ, ಅಂದರೆ ಕೇಳಿದ್ದನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ನೆನಪಿನ ಕಡೆ ನೋಡಬೇಕು. ಡಿಸ್ಲೆಕ್ಸಿಯಾ ಇರುವವರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಡಕು) ಕೂಡ ಜೊತೆಯಾಗಿರುವುದು ಸಾಮಾನ್ಯ. ಬ್ರಿಟನ್ನಿನಲ್ಲಿ ಶಾಲಾಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಕೇಳಿ ಅರ್ಥ ಮಾಡಿಕೊಳ್ಳುವ ತೊಡಕಿಗೆ ಧ್ವನಿಗ್ರಹಣಕ್ಕಿಂತ ಗಮನದ ಜೊತೆ ಹೆಚ್ಚು ನಂಟು ಕಂಡಿತು. ಹಾಗಾಗಿ ‘ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್’ ಎಂಬುದನ್ನು ಪ್ರತ್ಯೇಕ ಕಾಯಿಲೆ ಎನ್ನಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ. ನಿಮಗಿರುವ ಕಷ್ಟ ಮಾತ್ರ ನಿಜ, ಅದರಲ್ಲಿ ಚರ್ಚೆಯಿಲ್ಲ.

ಪರೀಕ್ಷೆಯ ದಿನ ಬೆಳಗಿನ ಹೊತ್ತು ಕೇಳಿ, ನಿದ್ದೆ ಮಾಡಿ ಹೋಗಿ. ಎಡಿಎಚ್‌ಡಿ ಮಾತ್ರೆ ತೆಗೆದುಕೊಳ್ಳುವವರಾದರೆ ಎಂದಿನಂತೆ ತೆಗೆದುಕೊಂಡೇ ಹೋಗಿ, ಪರೀಕ್ಷಕರಿಗೂ ತಿಳಿಸಿ. 45 ನಿಮಿಷಕ್ಕೊಮ್ಮೆ ಬಿಡುವು ಬೇಡಿ. ಉತ್ತರ ಬರೆದುಕೊಡುವ ಬದಲು ಬಾಯಲ್ಲಿ ಹೇಳಲು ಅವಕಾಶ ಇರಲಿ, ಇಲ್ಲದಿದ್ದರೆ ಕಾಗುಣಿತದ ತಪ್ಪು ಕಿವಿಯ ತಪ್ಪಾಗಿ ದಾಖಲಾಗುತ್ತದೆ.

ಇನ್ನು ಪರಿಹಾರ. ನನ್ನ ಖಚಿತ ನಿಲುವು ಇದು: ಮೆದುಳನ್ನು ತಿದ್ದುವುದಕ್ಕಿಂತ ಮೊದಲು ಕಿವಿಗೆ ಬರುವ ಮಾತನ್ನು ತಿದ್ದಿ. ಲೆಕ್ಕ ಸರಳ. ಒಂದು ಮೀಟರ್ ದೂರದಲ್ಲಿ ಸಾಧಾರಣ ಮಾತು 60ರಿಂದ 65 ಡೆಸಿಬಲ್. ದೂರ ಎರಡರಷ್ಟಾದಂತೆಲ್ಲ ನೇರ ಬರುವ ಸದ್ದು 6 ಡೆಸಿಬಲ್ ಇಳಿಯುತ್ತದೆ. ನಾಲ್ಕು ಮೀಟರ್ ಆಚೆ ಕೂತವರ ಮಾತು ನಿಮ್ಮ ಬಳಿ ಬರುವಾಗ 50ರ ಹತ್ತಿರ. ಏಸಿ, ಕೀಬೋರ್ಡು, ಪಕ್ಕದವರ ಪಿಸುಮಾತು ಸೇರಿ ಕೋಣೆಯ ಗದ್ದಲವೂ ಅಷ್ಟೇ ಇದ್ದರೆ ಮಾತೂ ಗದ್ದಲವೂ ಸಮಸಮ. ಅದೇ ಮಾತನಾಡುವವರ ಬಾಯಿಂದ 15 ಸೆಂಟಿಮೀಟರ್‌ನಲ್ಲಿ ಮೈಕ್ ಇದ್ದರೆ ಒಂದು ಮೀಟರ್‌ಗೆ ಹೋಲಿಸಿದರೂ 16 ಡೆಸಿಬಲ್‌ನಷ್ಟು ಲಾಭ. ಯಾವ ತರಬೇತಿಯೂ ಇಷ್ಟು ಕೊಡುವುದಿಲ್ಲ. ಇದಕ್ಕೆಂದೇ ಫೋನಾಕ್ ಕಂಪನಿಯ ರೋಜರ್‌ನಂಥ ರಿಮೋಟ್ ಮೈಕ್ ಸಾಧನಗಳಿವೆ, ಬೆಲೆ ದುಬಾರಿ. ಕೊಳ್ಳುವ ಮುನ್ನ ನಿಮ್ಮದೇ ಆಫೀಸಿನಲ್ಲಿ ಪ್ರಯೋಗಕ್ಕೆ ಕೊಡಲು ಕೇಳಿ. ಐಫೋನ್ ಮತ್ತು ಏರ್‌ಪಾಡ್ಸ್ ಇದ್ದರೆ ‘ಲೈವ್ ಲಿಸನ್’ ಆನ್ ಮಾಡಿ ಫೋನನ್ನು ಮಾತಾಡುವವರ ಮುಂದಿಡಿ, ಮೊದಲ ಪ್ರಯೋಗಕ್ಕೆ ಸಾಕು. ಫೋನ್ ಮೇಜಿನ ನಟ್ಟನಡುವೆ ಇಟ್ಟರೆ ಉಪಯೋಗ ಇಲ್ಲ, ಎಲ್ಲ ಗದ್ದಲವನ್ನೂ ಹೆಕ್ಕುತ್ತದೆ.

ಕೂರುವ ಜಾಗವನ್ನು ನೀವೇ ಆರಿಸಿಕೊಳ್ಳಿ: ಏಸಿ, ಕಿಟಕಿ, ಬಾಗಿಲಿಗೆ ಬೆನ್ನು ಮಾಡಿ, ಮುಖ್ಯವಾಗಿ ಮಾತಾಡುವವರ ಎರಡು ಮೀಟರ್ ಒಳಗೆ, ತುಟಿ ಕಾಣುವಂತೆ. ಆನ್‌ಲೈನ್ ಮೀಟಿಂಗ್‌ಗೆ ಲ್ಯಾಪ್‌ಟಾಪಿನ ಸ್ಪೀಕರ್ ಬೇಡ, ಎರಡೂ ಕಿವಿಯ ಹೆಡ್‌ಸೆಟ್ ಬೇಕು. ಲೈವ್ ಕ್ಯಾಪ್ಷನ್ ಒಳ್ಳೆಯದೇ, ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಕನ್ನಡವನ್ನೂ ಬರೆದು ತೋರಿಸುತ್ತದೆ. ಆದರೆ ಓದುವುದೇ ನಿಧಾನ ಇರುವವರಿಗೆ ಓಡುವ ಅಕ್ಷರ ಇನ್ನೊಂದು ಹೊರೆ. ಕ್ಯಾಪ್ಷನ್ನನ್ನು ಪೂರ್ತಿ ಓದಲು ಹೋಗಬೇಡಿ, ತಪ್ಪಿದ ಹೆಸರು, ಸಂಖ್ಯೆ, ತಾರೀಖಿಗೆ ಮಾತ್ರ ಕಣ್ಣು ಹಾಯಿಸಿ. ಅಜೆಂಡಾ ಹಿಂದಿನ ದಿನವೇ ಸಿಕ್ಕಿದರೆ ಊಹಿಸುವ ಕೆಲಸ ಅರ್ಧ ಮುಗಿದಂತೆ. ಬಸ್ಸು, ಮೆಟ್ರೋದಲ್ಲಿ ಕೇಳಿಸುವುದಿಲ್ಲ ಎಂದು ಇಯರ್‌ಫೋನಿನ ವಾಲ್ಯೂಮ್ ಏರಿಸುವ ಅಭ್ಯಾಸ ಇದ್ದರೆ ಇಂದೇ ಬಿಡಿ. 80 ಡೆಸಿಬಲ್‌ನಲ್ಲಿ ಕೇಳುವುದಾದರೆ ವಾರಕ್ಕೆ 40 ಗಂಟೆ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನು ಬಳಸಿ, ವಾಲ್ಯೂಮ್ ತಗ್ಗಿಸಿ.

ತರಬೇತಿಯಲ್ಲಿ, ಎಡಗಿವಿ ಹಿಂದೆ ಬಿದ್ದವರಿಗೆ ಬಲಗಿವಿಯ ಸದ್ದು ತಗ್ಗಿಸಿ ಎಡಗಿವಿಯನ್ನು ದುಡಿಸಿ, ಹಂತಹಂತವಾಗಿ ಸಮಕ್ಕೆ ತರುವ ಡೈಕಾಟಿಕ್ ತರಬೇತಿ ಇದೆ. ಗದ್ದಲದಲ್ಲಿ ಕೇಳುವ ಅಭ್ಯಾಸವೂ ಇದೆ. ಪುರಾವೆ ಹೆಚ್ಚಾಗಿ ಮಕ್ಕಳದ್ದು. ಅಭ್ಯಾಸ ಮಾಡಿದ ಕೆಲಸದಲ್ಲಿ ಸುಧಾರಣೆ ಕಾಣುತ್ತದೆ, ಆದರೆ ಅದರಿಂದ ಓದು ತಾನಾಗಿ ಸುಧಾರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫಿಲ್ಟರ್ ಮಾಡಿದ ಸಂಗೀತ ಕೇಳಿಸಿ ಮೆದುಳನ್ನು ‘ರೀಸೆಟ್’ ಮಾಡುತ್ತೇವೆ ಎನ್ನುವ ಪ್ಯಾಕೇಜುಗಳಿಗೂ, ಒಳಕಿವಿಯ ಸಮತೋಲನದ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎನ್ನುವವರಿಗೂ ಗಟ್ಟಿ ಪುರಾವೆಯ ಬಲವಿಲ್ಲ. ಕಷ್ಟದಲ್ಲಿರುವವರ ಆಸೆಯ ಮೇಲೆ ನಡೆಯುವ ಈ ವ್ಯಾಪಾರ ನೋಡಿದರೆ ಬೇಸರವಾಗುತ್ತದೆ.

ಆಫೀಸಿನಲ್ಲಿ ಅನುಕೂಲ ಕೇಳಲು ನಿಮ್ಮ ಕೈಯಲ್ಲಿರುವ ದಾಖಲೆ ಡಿಸ್ಲೆಕ್ಸಿಯಾದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಡಿಟರಿ ಪ್ರೊಸೆಸಿಂಗ್ ತೊಡಕು ಇಲ್ಲ. ಶ್ರವಣದೋಷ ಎಂದು ಪ್ರಮಾಣಪತ್ರ ಸಿಗಬೇಕಾದರೆ ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟ ಇರಬೇಕು. ಅದರ ಹಿಂದೆ ಓಡಬೇಡಿ. ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎಂಬ 21ನೇ ಸೆಕ್ಷನ್ ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ. ಎಚ್‌ಆರ್‌ಗೆ ಬರೆಯುವಾಗ ಕಾಯಿಲೆಯ ಹೆಸರಿಗಿಂತ ಬೇಕಾದ್ದನ್ನು ಬರೆಯಿರಿ: ಮೀಟಿಂಗ್ ರೆಕಾರ್ಡಿಂಗ್, ಅಜೆಂಡಾ, ಕೂರುವ ಜಾಗ, ಮೈಕ್.

ಕೊನೆಯದಾಗಿ ಒಂದು ಎಚ್ಚರ. ಒಂದೇ ಕಿವಿಯಲ್ಲಿ ಬಿಡದೆ ಗುಂಯ್‌ಗುಡುವುದು, ಎರಡು ಕಿವಿಗಳ ಆಡಿಯೋಗ್ರಾಂ ನಡುವೆ ಸ್ಪಷ್ಟ ಅಂತರ, ತಲೆಸುತ್ತು, ಅಥವಾ ಇದುವರೆಗೆ ಚೆನ್ನಾಗಿ ಅರ್ಥವಾಗುತ್ತಿದ್ದ ಮಾತು ಕೆಲವೇ ತಿಂಗಳಲ್ಲಿ ಕಲಸಿಹೋಗತೊಡಗುವುದು, ಇವು ಡಿಸ್ಲೆಕ್ಸಿಯಾದ ಲಕ್ಷಣಗಳಲ್ಲ. ಇಎನ್‌ಟಿ ಡಾಕ್ಟರಿಗೆ ತೋರಿಸಿ, ಎಂಆರ್‌ಐ ಬೇಕಾಗಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ನೆಗಡಿ ಎಂದು ಕಾಯದೆ ಅಂದೇ ಹೋಗಿ. ಸ್ಟೆರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಕೇಳ್ಮೆ ಮರಳುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ.